ದಸ್ತಗೀರಸಾಬರ ಸಂಶಯ

ದಸ್ತಗೀರಸಾಬರು ಕೆಟ್ಟ ಕಂಪ್ಯೂಟರಿನ ಮುಂದೆ ಕುಳಿತ ಕೂಡಲೇ ಅದನ್ನು ಚಾಲೂ ಮಾಡುತ್ತಿರಲಿಲ್ಲ. ಮೊದಲು ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಕೀಬೋರ್ಡನ್ನು ಅದರ ಮೇಲೆ ಬೋರಲು ಹಿಡಿದು ಎರಡು ಸಲ ತಟ್ಟುತ್ತಿದ್ದರು. ಉದುರಿದ್ದನ್ನು ಕನ್ನಡಕ ಏರಿಸಿಕೊಂಡು ನೋಡುತ್ತಿದ್ದರು: ಶೇಂಗಾ ಸಿಪ್ಪೆ, ಚುರಮುರಿ, ಉದ್ದನೆಯದೊಂದು ಕೂದಲು, ತಂಬಾಕಿಗೆ ತಿಕ್ಕುವ ಸುಣ್ಣದ ಹುಡಿ. ಅದಾದ ಮೇಲೆ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

"ಈ ಮಶಿನ್ ಮುಂದ ಒಬ್ಬರ ಕುಂಡರತಾರ ಅಂದ್ರಿ. ಸುಣ್ಣ ಯಾರದು?"

ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದೊಂದು ಸಣ್ಣ ಅಂಗಡಿ. ಹುಟ್ಟಿದ್ದು ಮಸೂತಿ ಎಂಬ ಊರಿನಲ್ಲಿ. ಮೊದಲು ರೇಡಿಯೋ, ಆಮೇಲೆ ಟೀವಿ, ಕಡೆಗೆ ಕಂಪ್ಯೂಟರ್ ರಿಪೇರಿ. ಅರವತ್ತು ದಾಟಿದ, ತೆಳ್ಳಗಿನ, ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ಯಾರು ಏನೇ ಹೇಳಲಿ, ಮೊದಲ ಉತ್ತರವನ್ನು ಅವರು ಒಪ್ಪುತ್ತಲೇ ಇರಲಿಲ್ಲ. "ಕರೆಂಟ್ ಹೋತ್ರಿ, ಅದಕ್ಕ ಕೆಟ್ಟೈತಿ" ಎಂದು ಗಿರಾಕಿ ಅಂದರೆ, "ಕರೆಂಟ್ ಬಾಜೂ ಮನಿಯಾಗೂ ಹೋಗಿರ್ತೈತಿ, ಅವರದ್ಯಾಕ ಕೆಟ್ಟಿಲ್ಲ?" ಎಂದು ಕೇಳುತ್ತಿದ್ದರು. ಜನರಿಗೆ ಇದು ಸೇರುತ್ತಿರಲಿಲ್ಲ. ರಿಪೇರಿಗೆ ಹೋದರೆ ಪೊಲೀಸ್ ಸ್ಟೇಷನ್ನಿಗೆ ಹೋದಂತಾಗುತ್ತದೆ ಎಂದು ಬೈದುಕೊಳ್ಳುತ್ತಿದ್ದರು. ಆದರೂ ಹೋಗುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ನಾನು ಮಾಡಿದ ಒಂದು ತಪ್ಪಿನಿಂದ.

ನನ್ನ ತವರು ಇಂಡಿ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಮದುವೆಯಾಗಿ ಮನಗೂಳಿಗೆ ಬಂದ ಮೇಲೆ, ಅಲ್ಲಿಂದ ಸ್ವಲ್ಪ ದೂರದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಆಫೀಸಿನ ಕೆಲಸಕ್ಕೆ ಸೇರಿದೆ. ಶಾಲೆಗಿದ್ದದ್ದು ಒಂದೇ ಕಂಪ್ಯೂಟರ್, ಅದೂ ಯಾರೋ ಬಳಸಿ ಬಿಟ್ಟದ್ದು. ಆ ವರ್ಷ ಹತ್ತನೇ ತರಗತಿಯ ಮಕ್ಕಳ ಪರೀಕ್ಷೆಯ ವಿವರಗಳನ್ನೆಲ್ಲ ನಾನೇ ಅದರಲ್ಲಿ ಸೇರಿಸಿದ್ದೆ. ಹೆಸರಿನ ಅಕ್ಷರ, ಹುಟ್ಟಿದ ದಿನ, ತಂದೆ ತಾಯಿಯ ಹೆಸರು, ಫೋಟೋ, ಸ್ಕ್ಯಾನ್ ಮಾಡಿದ ದಾಖಲೆ. ಒಂದು ಅಕ್ಷರ ತಪ್ಪಿದರೆ ಮುಂದೆ ಮಗುವಿಗೆ ಜೀವನವಿಡೀ ತಾಪತ್ರಯ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡಿದ್ದೆ. ಎರಡು ತಿಂಗಳ ಕೆಲಸ. ಗುರುವಾರದೊಳಗೆ ಕಳಿಸಬೇಕಿತ್ತು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ.

ಅದಕ್ಕೂ ಮುಂಚಿನ ಶನಿವಾರ ಬೆಳಗಿನ ಶಾಲೆ. ಎಲ್ಲರೂ ಹೋದ ಮೇಲೆ ನಾನೊಬ್ಬಳೇ ಕುಳಿತಿದ್ದೆ. ಕಂಪ್ಯೂಟರ್ ಕುಂಟುತ್ತಿತ್ತು. ಜಾಗ ತುಂಬಿದೆ ಎಂದು ಕೆಂಪು ಪಟ್ಟಿ ತೋರಿಸುತ್ತಿತ್ತು. ವೈರಸ್ಸುಗಳು ಅಡಗಿ ಕುಳಿತಿರುತ್ತವೆ, ಅಡಗಿದ ಫೈಲುಗಳನ್ನು ಕಾಣುವಂತೆ ಮಾಡಿ ನೋಡಬೇಕು ಎಂದು ಮೊಬೈಲಿನಲ್ಲಿ ಎಲ್ಲೋ ಓದಿದ್ದೆ. ಹಾಗೇ ಮಾಡಿದೆ. ಮಾಸಿದ ಬಣ್ಣದ ನಾಲ್ಕಾರು ಫೈಲುಗಳು ಮೇಲೆದ್ದು ಬಂದವು. ಒಂದರ ಹೆಸರು ಬೂಟ್‌ಎಂಜಿಆರ್. ನಾನು ಮಾಡಿದ್ದಲ್ಲ, ಮಾಸ್ತರುಗಳು ಮಾಡಿದ್ದಲ್ಲ. ಚಿತ್ರವಿಲ್ಲ, ತೆರೆದರೆ ತೆರೆಯುವುದಿಲ್ಲ. ಕಳ್ಳನೇ ಸಿಕ್ಕಂತೆ ಅನಿಸಿತು. ಅಳಿಸಲು ಹೋದರೆ ಕಂಪ್ಯೂಟರ್ ಒಪ್ಪಲಿಲ್ಲ. ಅದು ಒಪ್ಪದಿದ್ದಷ್ಟೂ ನನ್ನ ಸಂಶಯ ಗಟ್ಟಿಯಾಯಿತು. ಅನುಮತಿ ಕೇಳಿದಲ್ಲೆಲ್ಲ ಹೌದು ಹೌದು ಎಂದು ಒತ್ತಿ, ಮತ್ತೆ ವಾಪಸು ಬಾರದಂತೆ ಅಳಿಸಿಬಿಟ್ಟೆ. ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ನಡೆಯಿತು. ಬಂದ್ ಮಾಡಿ, ಕೀಲಿ ಹಾಕಿ, ನೆಮ್ಮದಿಯಿಂದ ಮನೆಗೆ ಹೋದೆ.

ಸೋಮವಾರ ನಾನು ಶಾಲೆಗೆ ಬರುವಷ್ಟರಲ್ಲಿ ಆಫೀಸಿನ ಮುಂದೆ ಗುಂಪು ಕೂಡಿತ್ತು. ಹೆಡ್ ಮಾಸ್ತರು ಯಾವುದೋ ಪತ್ರ ತೆಗೆಯಲು ಕಂಪ್ಯೂಟರ್ ಹಚ್ಚಿದ್ದರು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದು ಬಿಳಿ ಸಾಲು ಬಿಟ್ಟರೆ ಬೇರೇನೂ ಇಲ್ಲ. ಆ ಹೊತ್ತಿಗೆ ಕೋಣೆಯಲ್ಲಿದ್ದವಳು ಕಸಬರಿಗೆ ಹಿಡಿದ ಶಾಂತವ್ವ ಒಬ್ಬಳೇ.

ಶಾಂತವ್ವ ಶಾಲೆಯ ಕಸ ಗುಡಿಸುವ, ನೀರು ತುಂಬುವ ಹೆಂಗಸು. ಹಿಂದಿನ ವಾರವಷ್ಟೇ ರಜೆಯ ವಿಷಯಕ್ಕೆ ಅವಳಿಗೂ ಹೆಡ್ ಮಾಸ್ತರಿಗೂ ಜಗಳವಾಗಿತ್ತು. "ನೋಡ್ತೇನ್ರಿ ನಾನೂ" ಎಂದು ಎಲ್ಲರೆದುರು ಅಂದು ಹೋಗಿದ್ದಳು. ಹೆಡ್ ಮಾಸ್ತರಿಗೆ ಅಷ್ಟೇ ಸಾಕಾಯಿತು.

"ಸಿಟ್ಟಿಗೆ ಕೆಡಿಸೀದಿ. ಖರೇ ಹೇಳು."

"ನಾ ಬರೇ ಧೂಳ ಒರಸೇನ್ರಿ ಸರ್. ಅದರ ಗುಂಡಿ ಯಾವುದು ಅನ್ನೂದೂ ನನಗ ಗೊತ್ತಿಲ್ಲ."

"ಇದು ಸುದ್ದ ಆಗೂತನ ನೀ ಒಳಗ ಕಾಲಿಡಬ್ಯಾಡ. ಮನಿಗೆ ನಡಿ."

ಶಾಂತವ್ವ ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟು ಹೊರಗೆ ಹೋದಳು. ಆದರೆ ಮನೆಗೆ ಹೋಗಲಿಲ್ಲ. ಗೇಟಿನ ಹೊರಗೆ ಕಲ್ಲಿನ ಮೇಲೆ ಕುಳಿತಳು. ನಾನು ಹೋಗಿ, ಬಿಸಿಲಿದೆ, ಮನೆಗೆ ಹೋಗು ಅಂದೆ. "ನಾ ಹೋದ್ರ ನಾನ ಮಾಡೇನಿ ಅಂದಂಗ ಆಕ್ಕೈತ್ರಿ ಬಾಯಾರ" ಅಂದಳು.

ಆ ಮಾತು ಕೇಳಿದಾಗ ಶನಿವಾರದ ಆ ಮಾಸಿದ ಫೈಲು ಮೊದಲ ಸಲ ಕಣ್ಣ ಮುಂದೆ ಬಂತು. ಆದರೆ ಅದನ್ನು ಅಳಿಸಿದ ಮೇಲೂ ಕಂಪ್ಯೂಟರ್ ನಡೆದಿತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡು ಒಳಗೆ ಬಂದೆ.

ಊರಿಂದೂರಿಗೆ ಫೋನುಗಳಾದವು. ಯಾರೋ ಒಬ್ಬ ರಿಪೇರಿಯವನು ಫೋನಿನಲ್ಲೇ, "ಪೂರಾ ಫಾರ್ಮ್ಯಾಟ್ ಮಾಡಬೇಕ್ರಿ, ಅರ್ಧಾ ತಾಸಿನ ಕೆಲಸ" ಅಂದ. ಒಳಗಿದ್ದದ್ದೆಲ್ಲ ಹೋಗುತ್ತದೆ ಎಂದು ಗೊತ್ತಾದ ಮೇಲೆ ಗಣಿತದ ಮಾಸ್ತರು ದಸ್ತಗೀರಸಾಬರ ಹೆಸರು ಹೇಳಿದರು. ಹೆಡ್ ಮಾಸ್ತರಿಗೆ ಅವರ ಮೇಲೂ ನಂಬಿಕೆಯಿರಲಿಲ್ಲ. ನನ್ನನ್ನು ಬದಿಗೆ ಕರೆದು, "ಈ ರಿಪೇರಿಯವ್ರು ಒಳ್ಳೇ ಸಾಮಾನ ತಗದು ಖೊಟ್ಟಿ ಹಾಕ್ತಾರ. ನೀವು ಬಾಜೂಕ ಕೂತು ನೋಡ್ಕೋತ ಇರ್ರಿ" ಅಂದರು.

ಅವರು ಹಳೆಯ ಸ್ಕೂಟರಿನಲ್ಲಿ ಬಂದರು. ಕೀಬೋರ್ಡು ತಟ್ಟುವುದು, ಮುಖ ನೋಡುವುದು ಎಲ್ಲ ಆಯಿತು. ಪರದೆಯ ಮೇಲಿನ ಸಾಲು ಓದಿದರು.

"ಮಶಿನ್ ಸತ್ತಿಲ್ರಿ. ಮುಂಜಾನೆ ಅದನ್ನ ಎಬ್ಬಸೂದೊಂದು ಫೈಲ್ ಇರ್ತೈತಿ, ಅದನ್ನ ಯಾರೋ ಅಳಿಸ್ಯಾರ. ತಾನಾಗೇ ಹೋಗೂ ಪೈಕಿ ಅಲ್ಲ ಅದು." ಆಮೇಲೆ ಹೆಡ್ ಮಾಸ್ತರ ಕಡೆ ತಿರುಗಿ, "ನೀವೇನಾರ ಮಾಡೀರೇನ್ರಿ ಸರ್?" ಅಂದರು.

"ನಾನಾ?" ಎಂದು ಹೆಡ್ ಮಾಸ್ತರು ಕೆಂಪಾದರು. "ಮಾಡಿದಾಕಿ ಹೊರಗ ಕೂತಾಳ."

"ಆಕಿ ಮಾಡ್ಯಾಳಂತ ನಿಮಗ ಯಾರು ಹೇಳಿದ್ರು?"

ದಸ್ತಗೀರಸಾಬರು ನನ್ನ ಕಡೆ ತಿರುಗಿದರು. "ಶನಿವಾರ ಕಡೀಕ ಇದನ್ನ ಬಂದ್ ಮಾಡಿದವ್ರು ಯಾರ್ರಿ ಬಾಯಾರ?"

"ನೆನಪಿಲ್ರಿ" ಅಂದೆ.

ಅಷ್ಟು ಸಲೀಸಾಗಿ ನನ್ನ ಬಾಯಿಂದ ಸುಳ್ಳು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಅವರು ಕುರ್ಚಿಯನ್ನು ತುಸು ಸರಿಸಿ, ನನಗೆ ಎಲ್ಲ ಕಾಣುವಂತೆ ಮಾಡಿದರು. "ನನ್ನ ಕಾಯಾಕ ಕುಂದ್ರಿಸ್ಯಾರಲ್ಲ? ಚಲೋ ಆತು. ಕಣ್ಣ ಬ್ಯಾರೆ ಕಡೆ ಹೊಳ್ಳಸಬ್ಯಾಡ್ರಿ. ನಾನೂ ನಿಮ್ಮನ್ನ ನೋಡ್ಕೋತ ಇರ್ತೇನಿ."

ಕೂಡಲೇ ಸರಿಮಾಡುತ್ತಾರೆ ಎಂದುಕೊಂಡರೆ, ಅವರು ಕಂಪ್ಯೂಟರಿನ ಡಬ್ಬಿ ಬಿಚ್ಚಿ ಒಳಗಿನ ಡಿಸ್ಕು ತೆಗೆದು, ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿ, ಡಿಸ್ಕಿನಲ್ಲಿದ್ದುದನ್ನೆಲ್ಲ ತಾವು ತಂದ ಇನ್ನೊಂದು ಡಿಸ್ಕಿಗೆ ನಕಲು ಮಾಡಲು ಹಚ್ಚಿದರು. ಎರಡು ತಾಸು. ಹೆಡ್ ಮಾಸ್ತರು ಮೂರು ಸಲ ಬಂದು ನೋಡಿ ಹೋದರು. "ಅದನ್ಯಾಕ ಒಯ್ಯಾಕತ್ತೀರಿ?" ಎಂದು ಕೇಳಿದರು. "ಒಯ್ಯೂದಿಲ್ರಿ. ನನ್ನ ಕೈಯಿಂದ ಏನಾರ ಕೆಟ್ರ? ನನ್ನ ಮ್ಯಾಲೆ ನನಗೂ ಅಷ್ಟು ಭರೋಸಾ ಇಲ್ಲ" ಅಂದರು ದಸ್ತಗೀರಸಾಬರು.

ಆ ಎರಡು ತಾಸು ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕಿಟಕಿಯಿಂದ ಗೇಟಿನಾಚೆ ಶಾಂತವ್ವನ ಸೆರಗು ಕಾಣುತ್ತಿತ್ತು. ಬಾಗಿಲಾಚೆಯ ವರಾಂಡಕ್ಕೆ ಹೋಗಿ ಇಂಡಿಯಲ್ಲಿದ್ದ ಅವ್ವನಿಗೆ ಫೋನ್ ಮಾಡಿ, ಯಾರಿಗೂ ತಿಳಿಯಬಾರದೆಂದು ಮರಾಠಿಯಲ್ಲಿ ಎಲ್ಲ ಹೇಳಿದೆ. ನನ್ನಿಂದಲೇ ಆಗಿರಬೇಕು, ಹೇಳಿದರೆ ಕೆಲಸ ಹೋಗುತ್ತದೆ, ಪಾಪ ಆ ಹೆಂಗಸು ಬಿಸಿಲಲ್ಲಿ ಕುಳಿತಿದ್ದಾಳೆ ಎಂದೆಲ್ಲ. ಅವ್ವ, ಸದ್ಯಕ್ಕೆ ಸುಮ್ಮನಿರು ಅಂದಳು. ಒಳಗೆ ಬಂದಾಗ ದಸ್ತಗೀರಸಾಬರು, ನಾನು ಹೋಗುವಾಗ ಹೇಗಿದ್ದರೋ ಹಾಗೇ ಪರದೆ ನೋಡುತ್ತ ಕುಳಿತಿದ್ದರು.

ನಕಲು ಮುಗಿಯಿತು. ಡಿಸ್ಕನ್ನು ತಿರುಗಿ ಒಳಗೆ ಕೂರಿಸಿ, ಚೀಲದಿಂದ ಒಂದು ಸಿಡಿ ತೆಗೆದು ಹಾಕಿದರು. ಕಪ್ಪು ಕಿಟಕಿಯೊಂದು ತೆರೆಯಿತು. ಒಂದೊಂದು ಅಕ್ಷರ ಒತ್ತಿ, ಎರಡು ಸಲ ಓದಿಕೊಂಡು, ಒಂದು ಸಾಲು ಬರೆದರು. ಒಂದು ಫೈಲ್ ನಕಲಾಯಿತು ಎಂದು ಅದು ಹೇಳಿತು. ಇದ್ದದ್ದು ಅಷ್ಟೇ ಕೆಲಸ. ಸಿಡಿ ತೆಗೆದು, ಬಂದ್ ಮಾಡಿ, ಮತ್ತೆ ಹಚ್ಚಿದರು. ಪರದೆ ಬೆಳಗಿತು. ಶಾಲೆಯ ಕಟ್ಟಡದ ಚಿತ್ರ ಬಂತು. ಮಕ್ಕಳ ವಿವರಗಳಿದ್ದ ಜಾಗ ತೆರೆದು ನೋಡಿದೆ. ಎಲ್ಲವೂ ಇತ್ತು. ಒಂದು ಫೋಟೋ ಕೂಡ ಹೋಗಿರಲಿಲ್ಲ.

ಹೆಡ್ ಮಾಸ್ತರು ದೊಡ್ಡ ಉಸಿರು ಬಿಟ್ಟು ಕುಳಿತರು. ದಸ್ತಗೀರಸಾಬರು ನಗಲಿಲ್ಲ.

"ಸರ್, ಇಲ್ಲಿ ನೋಡ್ರಿ. ಅಡಗಿದ ಫೈಲ್ ತೋರಸು ಅಂತ ಯಾರೋ ಇದಕ್ಕ ಹೇಳಿಟ್ಟಾರ. ಅದನ್ನ ಹೇಳಾಕ ಇಂಗ್ಲಿಷ್ ಓದಾಕ ಬರಬೇಕು. ಮತ್ತೊಂದು ಏನಂದ್ರ, ಈ ಫೈಲ್ ಅಳಿಸಿದ್ರ ಮಶಿನ್ ಆವಾಗ್ಲೇ ನಿಂದ್ರೂದಿಲ್ಲ. ಬಂದ್ ಮಾಡಿ ಮತ್ತ ಹಚ್ಚಿದಾಗ ಗೊತ್ತಾಕ್ಕೈತಿ. ಇವತ್ತ ಮುಂಜಾನೆ ನೀವ ಹಚ್ಚೀರಿ ಅಂದ್ರ, ಅಳಿಸಿದ್ದು ಇದಕ್ಕಿಂತ ಮೊದಲ. ಹೊರಗ ಕೂತಾಕಿ ಇವತ್ತ ಧೂಳ ಒರಸಿದ್ದಕ್ಕ ಇದು ಕೆಟ್ಟಿಲ್ಲ."

ಹೆಡ್ ಮಾಸ್ತರು ಕಿಟಕಿಯಾಚೆ ನೋಡಿದರು. "ಹಂಗಾರ ಯಾರು?"

"ಅದನ್ನ ಆಮ್ಯಾಲೆ ನೋಡೂಣು. ಒಂದು ಕಪ್ ಚಾ ಹೇಳ್ರಿ."

ಹೆಡ್ ಮಾಸ್ತರು ಚಹಾ ಹೇಳಲು ಹೊರಗೆ ಹೋದರು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಅವರು ಸ್ಕ್ರೂಗಳನ್ನು ಒಂದೊಂದಾಗಿ ಎಣಿಸಿ ಹಾಕುತ್ತ, ನನ್ನ ಕಡೆ ನೋಡದೆಯೇ ಅಂದರು:

"ಸೋಲಾಪುರದಾಗ ನಾ ಒಂಬತ್ತು ವರ್ಷ ಇದ್ನಿರಿ ಬಾಯಾರ. ರೇಡಿಯೋ ಅಂಗಡ್ಯಾಗ."

ಸೋಲಾಪುರದಲ್ಲಿ ಒಂಬತ್ತು ವರ್ಷ ಇದ್ದವರಿಗೆ ಮರಾಠಿ ಬಾರದೇ ಇರುತ್ತದೆಯೇ?

"ನೀವ ಹೇಳ್ರಿ. ನಾ ಹೇಳಿದ್ರ ಚಾಡಿ ಆಕ್ಕೈತಿ. ನಂದು ಚಾ ಮುಗಿಯೂತನ ಯೋಚನಿ ಮಾಡ್ರಿ."

ಅವರು ಆ ಚಹಾವನ್ನು ಬಹಳ ನಿಧಾನವಾಗಿ ಕುಡಿದರು. ಅವರು ಕಪ್ಪು ಕೆಳಗಿಡುವ ಮೊದಲೇ ನಾನು ಎದ್ದು ನಿಂತು ಹೆಡ್ ಮಾಸ್ತರಿಗೆ ಎಲ್ಲ ಹೇಳಿದೆ, ಸುಳ್ಳು ಹೇಳಿದ್ದನ್ನೂ ಸೇರಿಸಿ. ಅವರು ಬೈದರು. ಬೈಗುಳ ಅರ್ಧಕ್ಕೇ ನಿಂತಿತು. ಬಹುಶಃ ಅವರಿಗೂ ಗೇಟಿನ ಕಲ್ಲಿನ ಮೇಲೆ ಕುಳಿತವಳು ನೆನಪಾಗಿರಬೇಕು. ಇಬ್ಬರೂ ಹೊರಗೆ ಹೋಗಿ ಶಾಂತವ್ವನನ್ನು ಕರೆದೆವು. ನಾನು ಕೈ ಮುಗಿದೆ. ಅವಳು ಏಳಲಿಲ್ಲ.

"ಸರ್ ನನ್ನ ಎಲ್ಲಾರ ಮುಂದ ಅಂದಾರ್ರಿ. ಇಲ್ಲಾ ಅನ್ನೂದೂ ಎಲ್ಲಾರ ಮುಂದ ಆಗಬೇಕು."

ಮಾರನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಸಾಲುಗಳ ಎದುರು ನಿಂತು ನಾನು ಹೇಳಿದೆ. ನನ್ನ ನಂತರ ಹೆಡ್ ಮಾಸ್ತರೂ ಎರಡು ಮಾತು ಹೇಳಿದರು, ತಲೆ ಎತ್ತದೆ. ಆಮೇಲೆ ಶಾಂತವ್ವ ಗೇಟು ದಾಟಿ ಒಳಗೆ ಬಂದು ಕಸಬರಿಗೆ ಎತ್ತಿಕೊಂಡಳು. ನನ್ನ ಕೆಲಸ ಹೋಗಲಿಲ್ಲ. ವಿವರಗಳು ಗುರುವಾರ ಮುಂಜಾನೆ ಹೋದವು.

ಅಲ್ಲಿಂದ ಮುಂದೆ ಬಾಗೇವಾಡಿಗೆ ಹೋದಾಗಲೆಲ್ಲ ಅವರ ಅಂಗಡಿಗೆ ಹೋಗುತ್ತಿದ್ದೆ. ಪ್ರತಿಯೊಂದರ ನಕಲು ಮನೆಯಲ್ಲಿಡಬೇಕು ಎಂದು ಕಲಿಸಿದರು. ಇಟ್ಟಿದ್ದೇನೆ ಅಂದರೆ ನಂಬಲಿಲ್ಲ. ಒಂದು ದಿನ ಮನಗೂಳಿಯ ನಮ್ಮ ಮನೆಗೇ ಬಂದರು. ಯಾರಿವರು, ಕಪಾಟು ಯಾಕೆ ತೆಗೆಸುತ್ತಿದ್ದಾರೆ ಎಂದು ನಮ್ಮತ್ತೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಚ್ಚಿ, ನಾಲ್ಕು ಫೈಲು ತೆರೆದು ನೋಡಿದ ಮೇಲೆಯೇ ಅವರು ನಮ್ಮ ಮನೆಯ ನೀರು ಕುಡಿದದ್ದು.

ಇಷ್ಟು ಸಂಶಯ ಯಾಕೆ ಎಂದು ಒಮ್ಮೆ ಕೇಳಿಯೇಬಿಟ್ಟೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಹೇಳಿದರು. ಹಿಂದೆ ಸಿಂದಗಿಯಲ್ಲಿ ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರ್ ಸರಿಮಾಡಲು ಹೋಗಿದ್ದರಂತೆ. ನಕಲು ಇದೆಯೇ ಎಂದು ಕೇಳಿದರೆ ಮಾಲೀಕ ಇದೆ ಅಂದ. ಇವರು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟರು. ನಕಲಿನಲ್ಲಿ ಗಿರಾಕಿಗಳ ಫೋಟೋಗಳಿದ್ದವು. ಆ ಮನುಷ್ಯನ ತೀರಿಹೋದ ಮಗಳ ಫೋಟೋಗಳು ಅದೇ ಕಂಪ್ಯೂಟರಿನ ಬೇರೆ ಜಾಗದಲ್ಲಿದ್ದು ಅಳಿಸಿಹೋದವು; ಅವು ಅಲ್ಲಿದ್ದದ್ದು ಅವನಿಗೇ ನೆನಪಿರಲಿಲ್ಲ.

"ಬೈಲಿಲ್ರಿ ಆಂವ. 'ನಾನ ಐತಿ ಅಂದಿದ್ನಲ್ಲ, ನಿಮ್ದೇನ ತಪ್ಪು' ಅಂದ. ಬೈದಿದ್ರ ನನಗ ಚಲೋ ಆಕ್ಕಿತ್ತು. ಆಂವ ಸುಳ್ಳ ಹೇಳಿರಲಿಲ್ರಿ, ಮರತಿದ್ದ. ನಾ ಮತ್ತೊಮ್ಮೆ ಕೇಳಬೇಕಿತ್ತು."

ಎರಡು ವರ್ಷದ ಹಿಂದೆ ಅವರು ಅಂಗಡಿ ಮುಚ್ಚಿ ಮುದ್ದೇಬಿಹಾಳದ ಮಗಳ ಮನೆಗೆ ಹೋದರು. ಆಮೇಲೆ ಫೋನಿನಲ್ಲಷ್ಟೇ ಮಾತು. ಕಳೆದ ಬೇಸಿಗೆಯಲ್ಲಿ ಒಂದು ದಿನ ಅವರ ನಂಬರಿನಿಂದ ಮಗಳು ಮಾತಾಡಿದಳು. ಹೃದಯಾಘಾತವಂತೆ, ಮಣ್ಣು ಮಾಡಿಯೂ ಆಗಿತ್ತು. ಶಾಲೆಯಲ್ಲಿ ಶಾಂತವ್ವನಿಗೆ ಹೇಳಿದೆ. "ನಾನೂ ಬರ್ತೇನ್ರಿ" ಅಂದಳು. ಭಾನುವಾರ ಇಬ್ಬರೂ ಬಸ್ಸಿನಲ್ಲಿ ಹೋದೆವು.

ಮಗಳು ಒಳಗೆ ಕರೆದು ಚಾಪೆ ಹಾಸಿದಳು. ನನ್ನ ಹೆಸರು ಅವಳಿಗೆ ಗೊತ್ತಿತ್ತು. ಶಾಂತವ್ವನ ಕಡೆ ನೋಡಿ, "ನಮ್ಮ ಅಬ್ಬಾ ನಿಮಗ ಹ್ಯಾಂಗ ಗುರ್ತರಿ?" ಎಂದು ಕೇಳಿದಳು.

"ನನ್ನ ಮ್ಯಾಲೆ ಒಂದು ಅಪವಾದ ಬಂದಿತ್ತವ್ವಾ. ನಿಮ್ಮಪ್ಪಾರು ಅದನ್ನ ತಗದ್ರು" ಅಂದಳು ಶಾಂತವ್ವ.

ಅದು ಯಾರಿಂದ ಬಂದಿತ್ತು ಎಂದು ಹೇಳಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನನ್ನಿಂದ ಬಂದಿತ್ತು" ಅಂದೆ ನಾನು.