ಇಂಗ್ಲಿಷ್ ಪರೀಕ್ಷೆಯ ದಿನದ ನೀರು

ಬಿ.ಎ. ಮುಗಿಸಿ ಶಹಾಬಾದಿಗೆ ಮರಳಿದ ವರ್ಷ ನಮ್ಮ ಓಣಿಯ ಒಬ್ಬ ಹುಡುಗಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಅವಳು ಇಂಗ್ಲಿಷ್, ಗಣಿತ ಎರಡರಲ್ಲೂ ನಪಾಸಾಗಿದ್ದಳು. ಅವಳ ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದ. ಇನ್ನೊಮ್ಮೆ ಪರೀಕ್ಷೆಗೆ ಕೂರಿಸುತ್ತೇನೆ, ಪಾಸಾದರೆ ನರ್ಸ್ ತರಬೇತಿಗೆ ಕಳಿಸುತ್ತೇನೆ, ಇಲ್ಲವಾದರೆ ಕುಂಚಾವರಂ ಕಡೆಯ ಸಂಬಂಧಕ್ಕೆ ಒಪ್ಪುತ್ತೇನೆ ಎಂದು ಹೇಳಿಬಿಟ್ಟಿದ್ದ.

‘ಲುಕ್’ ಎಂಬ ಪದ ಅವಳನ್ನು ಬಹಳ ಕಾಡುತ್ತಿತ್ತು. ಅದಕ್ಕೆ ‘ಆಫ್ಟರ್’ ಸೇರಿದರೆ ಆರೈಕೆ, ‘ಫಾರ್’ ಸೇರಿದರೆ ಹುಡುಕಾಟ, ‘ಇಂಟು’ ಸೇರಿದರೆ ವಿಚಾರಣೆ. ನಿಯಮ ಹೇಳುವುದನ್ನು ಬಿಟ್ಟು ಅವಳ ಮನೆಯ ಸಂಗತಿಗಳಿಂದಲೇ ವಾಕ್ಯ ಮಾಡಿಸಿದೆ: ತಮ್ಮನನ್ನು ನೋಡಿಕೊಳ್ಳುವುದು, ತಪ್ಪಿಸಿಕೊಂಡ ಮೇಕೆಯನ್ನು ಹುಡುಕುವುದು. ಅದು ತಲೆಗೆ ಹತ್ತಿತು. ‘ವಾಟರ್’ಗೆ ಮೊದಲು ‘ಎ’ ಬರೆಯುವ ರೂಢಿ ಮಾತ್ರ ಬೇಗ ಬಿಡಲಿಲ್ಲ.

“ನೀರು ಎಣಸೂದಿಲ್ಲ, ಅದಕ್ಕ ‘ಎ’ ಬರೂದಿಲ್ಲ,” ಎಂದೆ.

“ನಾವು ಎಣಸ್ತೀವ್ರಿ, ಅಕ್ಕೋರ. ಮುಂಜಾನೆ ಎರಡ್ ನೀರ್ ತಂದೀನಿ. ಇಂಗ್ಲಿಷ್‌ನವರ ಓಣ್ಯಾಗ ನಳ ಭಾಳ ಜೋರ್ ಬರ್ತಿರಬೇಕು ಬಿಡ್ರಿ.”

ಇಂಗ್ಲಿಷ್ ಪರೀಕ್ಷೆಯ ಮುಂಜಾನೆ, ಬಹಳ ದಿನಗಳ ಮೇಲೆ, ಓಣಿಯ ನಳಕ್ಕೆ ನೀರು ಬಿಟ್ಟರು. ಅವಳ ತಾಯಿ ಬಾಣಂತಿ. ಅಪ್ಪ ಗಣಿಗೆ ಹೋಗಿದ್ದ. ಅವಳ ಮನೆಯ ಕೊಡಗಳು ಹಿಂದಿನ ದಿನದಿಂದಲೇ ಸಾಲಿನಲ್ಲಿದ್ದವು. “ನೀ ನಡಿ, ನಾ ತುಂಬತೀನಿ,” ಎಂದು ಅವಳನ್ನು ಕಳಿಸಿ ನಾನು ನಿಂತೆ.

ಆ ನಳಕ್ಕೆ ಹೆಂಗಸರೇ ಮಾಡಿಕೊಂಡ ಒಂದು ಕಟ್ಟಳೆಯಿತ್ತು. ಪಾಳಿ ಮನೆಯದು, ಮನೆಯವರೇ ನಿಲ್ಲಬೇಕು. ಹೊರಗಿನವರಿಗೆ ನಿಲ್ಲಲು ಬಿಟ್ಟರೆ ಉಳ್ಳವರು ಆಳು ಇಟ್ಟು ನೀರೆಲ್ಲ ಒಯ್ಯುತ್ತಾರೆಂದು. ನಮ್ಮ ಮನೆಗೆ ಬಂಡಿಯವನು ನೀರು ತಂದು ಹಾಕುತ್ತಿದ್ದ. ನನಗೆ ಆ ಕಟ್ಟಳೆ ತಿಳಿದಿರಲಿಲ್ಲ.

“ನೀವ್ಯಾಕ ಬಂದೀರಿ ಬಾಯಿ, ಬಂಡಿ ಮುರದೈತೇನು?” ಎಂದಳು ಹಿಂದೆ ನಿಂತವಳು.

“ಆಕಿ ಪರೀಕ್ಷಾಕ್ಕ ಹೋಗ್ಯಾಳ.”

“ಪರೀಕ್ಷಾ ಆಕೀದು. ನೀರು ಎಲ್ಲಾರದು. ಸರೀರಿ.”

ಕೊಡಗಳನ್ನು ಪಕ್ಕಕ್ಕಿಟ್ಟರು. ಸಾಲು ಮುಗಿಯುವ ಮೊದಲೇ ನಳ ನಿಂತಿತು. ನಮ್ಮ ಮನೆಯಿಂದ ಒಂದು ಕೊಡ ಒಯ್ದು ಕೊಟ್ಟೆ. ಬಾಣಂತಿ ಇದ್ದ ಮನೆಗೆ ಅದು ಮಧ್ಯಾಹ್ನಕ್ಕೂ ಸಾಲಲಿಲ್ಲ.

ಸಂಜೆ ಅವಳು ಪ್ರಶ್ನೆಪತ್ರಿಕೆಯ ಬಿಟ್ಟ ಸ್ಥಳಗಳನ್ನು ಹೇಗೆ ತುಂಬಿದೆನೆಂದು ಒಂದೊಂದಾಗಿ ಒಪ್ಪಿಸಿದಳು. ಎಲ್ಲವೂ ಸರಿಯಿದ್ದವು. ಅಷ್ಟರಲ್ಲಿ ಅಪ್ಪ ಬಂದ. ಸಿಟ್ಟಾಗಲಿಲ್ಲ.

“ನಾಳಿ ಈಕಿ ಗಣಿ ಹೊಂಡಕ್ಕ ನೀರಿಗಿ ಹೋಗಬೇಕ್ರಿ. ನಾ ಹೋದ್ರ ಕೆಲಸದಾಗಿಂದ ನನ್ನ ಹೆಸರು ಕಡೀತಾರ.”

“ನಾಳಿ ಗಣಿತ ಐತಿ,” ಎಂದೆ.

“ಗೊತ್ತೈತ್ರಿ.” ಒಳಗೆ ಕೂಸು ಅಳುತ್ತಿತ್ತು.

ಮರುದಿನ, ಗಣಿತ ಪರೀಕ್ಷೆ ಶುರುವಾಗುವ ಹೊತ್ತಿಗೆ, ಅವಳು ತಲೆಯ ಮೇಲೆ ಕೊಡ ಹೊತ್ತು ನಮ್ಮ ಬಾಗಿಲ ಮುಂದೆ ನಿಂತಳು.

“ಇಂಗ್ಲಿಷ್‌ನಾಗ ಪಾಸಾಗತೀನೇನ್ರಿ, ಅಕ್ಕೋರ?”

“ಆಗತಿ.”

ಆದಳು ಕೂಡ. ಮಳೆ ಹಿಡಿಯುವ ಮೊದಲೇ ಅವಳನ್ನು ಕುಂಚಾವರಂ ಕಡೆಗೆ ಕೊಟ್ಟರು.