ಸನ್ಮಾನಕ್ಕೆ ಬಂದವಳು ನಿಂತೇ ಇದ್ದಳು

ಹೋದ ಭಾನುವಾರ ಬಸವನ ಬಾಗೇವಾಡಿಯ ಒಂದು ಕಲ್ಯಾಣ ಮಂಟಪದಲ್ಲಿ ಸನ್ಮಾನ ಸಮಾರಂಭ. ವೇದಿಕೆ ಮೇಲೆ ಹದಿನಾಲ್ಕು ಕುರ್ಚಿ. ಹದಿಮೂರರಲ್ಲಿ ನಾವು ಗಣ್ಯರು ಕೂತಿದ್ದೆವು. ಎರಡೂವರೆ ತಾಸು ಕೂತಿದ್ದೆವು. ಯಾರಿಗೆ ಸನ್ಮಾನವೋ ಆಕೆ ಮಾತ್ರ ನಿಂತಿದ್ದಳು.

ಯಾಕೆ? ಕುರ್ಚಿಗೆ ಕೈಗಳಿದ್ದವು. ಪ್ಲಾಸ್ಟಿಕ್ಕಿನ ಕೈಗಳು. ಆ ಎರಡು ಕೈಗಳ ನಡುವೆ ಆಕೆ ಹಿಡಿಸುವಂತಿರಲಿಲ್ಲ.

ಆಕೆ ಒಮ್ಮೆ ಕುರ್ಚಿ ನೋಡಿದಳು. ಒಮ್ಮೆ ಸಂಘಟಕರನ್ನು ನೋಡಿದಳು. "ನಾ ನಿಂತಿರ್ತೇನಿ ಬಿಡ್ರಿ" ಅಂದಳು. ಸಂಘಟಕರು ಬಿಟ್ಟೇಬಿಟ್ಟರು! ಕೆಳಗೆ ಊಟದ ಹಾಲಿನಲ್ಲಿ ಉದ್ದುದ್ದ ಬೆಂಚುಗಳಿದ್ದವು. ಒಂದನ್ನು ಮೇಲೆ ತರಲು ಇಬ್ಬರು ಸಾಕಿತ್ತು. ಇಬ್ಬರು ಸಿಗಲಿಲ್ಲ. (ಮುಖ್ಯ ಅತಿಥಿಗೆ ಹಾರ ಹಾಕಲು ಹನ್ನೊಂದು ಮಂದಿ ಸಿಕ್ಕರು.)

ನೀನೇನು ಮಾಡಿದೆ ಮಹಾರಾಯ ಅಂತ ನೀವು ಕೇಳುತ್ತೀರಿ. ಕೂತಿದ್ದೆ. ಪಕ್ಕದವರು ಕೂತಿದ್ದರಲ್ಲ, ಅದಕ್ಕೆ.

ಆಕೆಯ ಹೆಸರು ಭಾಗವ್ವ. ಹೂವಿನ ಹಿಪ್ಪರಗಿಯವಳು. ಅಪ್ಪ ಕುರಿ ಕಾಯುವಾತ, ಅವ್ವ ಕಲ್ಲವ್ವ ಕೂಲಿಗೆ ಹೋಗುವಾಕೆ. ಕಾಲೇಜಿನಲ್ಲಿ ಗುಂಡು ಎಸೆಯುತ್ತಿದ್ದ ಭಾಗವ್ವ, ಒಬ್ಬ ಮಹಿಳಾ ಕೋಚ್ ಕಣ್ಣಿಗೆ ಬಿದ್ದು, ಸುಮೋ ಕುಸ್ತಿ ಕಲಿತಳು. ಹೌದು, ಜಪಾನಿನ ಸುಮೋ. ಹೋದ ತಿಂಗಳು ದೇಶದ ಪರವಾಗಿ ಹೊರದೇಶಕ್ಕೆ ಹೋಗಿ ಆಡಿ ಬಂದಳು. ಒಲಿಂಪಿಕ್ಸಿನಲ್ಲಿ ಜಾಗ ಸಿಗದ ಹತ್ತಾರು ಆಟಗಳೆಲ್ಲ ಒಂದೇ ಊರಲ್ಲಿ ಸೇರಿ ನಡೆಯುವ ದೊಡ್ಡ ಕ್ರೀಡಾಕೂಟ ಅದು. ಅಲ್ಲಿ ಒಂದು ಕುಸ್ತಿ ಗೆದ್ದಳು. ಎರಡನೆಯದು ಸೋತಳು. ಪದಕ ಇಲ್ಲ.

ನಮ್ಮ ನಾಲ್ಕು ತಾಲೂಕುಗಳಿಗೆ ಇದು ಗೊತ್ತಾಗಿದ್ದು ವಾಟ್ಸಾಪಿನಿಂದ. ಗೊತ್ತಾದ ಮೇಲೆ ಸುಮ್ಮನಿರಲು ಸಾಧ್ಯವೇ? ಇಂಡಿಯವರು ಶಾಲು ತಂದರು. ಸಿಂದಗಿಯವರು ಆಳೆತ್ತರದ ಹಾರ ತಂದರು. ಮುದ್ದೇಬಿಹಾಳದಿಂದ ನನ್ನನ್ನು ತಂದರು. ಬಾಗೇವಾಡಿಯವರು ಬ್ಯಾನರ್ ಮಾಡಿಸಿದರು.

ಆ ಬ್ಯಾನರ್ ಬಗ್ಗೆ ಹೇಳಲೇಬೇಕು. ಅದರ ನಡುವೆ ಇದ್ದದ್ದು ಭಾಗವ್ವ ಅಲ್ಲ. ಯಾರೋ ಒಬ್ಬ ಜಪಾನಿ ಗಂಡಸು! ಜುಟ್ಟು ಕಟ್ಟಿಕೊಂಡು, ಸೊಂಟಕ್ಕೊಂದು ಪಟ್ಟಿ ಸುತ್ತಿಕೊಂಡು, ಬರಿಮೈಯಲ್ಲಿ ಕುಕ್ಕರುಗಾಲಲ್ಲಿ ಕೂತ ಫೋಟೋ. ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನು ಹಾಗೇ ಇಳಿಸಿಕೊಂಡಿದ್ದರು. ಭಾಗವ್ವನ ಮುಖ ಕೆಳಗಿನ ಮೂಲೆಯಲ್ಲಿ, ಬಿಲ್ಲೆಯಷ್ಟು. ಅದರ ಸುತ್ತ ಶುಭಕೋರುವವರ ಹದಿನೆಂಟು ಮುಖ. ಹದಿನೆಂಟೂ ಆಕೆಯ ಮುಖಕ್ಕಿಂತ ದೊಡ್ಡವು.

ನಿರೂಪಕ ಮೈಕ್ ಹಿಡಿದವನೇ ಶುರು ಮಾಡಿದ. "ಇಷ್ಟು ದಿನ ನಮ್ಮ ಬಾಗೇವಾಡಿ ಸ್ಟ್ಯಾಂಡಿನ್ಯಾಗ ಹತ್ತು ಸೀಟಿನ ಸುಮೋ ಗಾಡಿ ಇತ್ರಿ. ಈಗ ಒಂದಾ ಸೀಟಿನ ಸುಮೋ ಬಂದೈತಿ!"

ಮಂಟಪ ಗೊಳ್ಳೆಂದಿತು. ಮುಖ್ಯ ಅತಿಥಿಗಳಿಗೆ ಹುರುಪು ಬಂತು. ಅವರು ಭಾಷಣ ನಿಲ್ಲಿಸಿ ಆಕೆಯ ಕಡೆ ತಿರುಗಿದರು.

"ತಂಗಿ, ಖರೇ ಹೇಳು. ಹೊತ್ತಿಗೆ ಎಷ್ಟು ರೊಟ್ಟಿ ತಿಂತಿ?"

ಮತ್ತೆ ನಗೆ. ಮೂರನೇ ಸಾಲಿನಲ್ಲಿ ಕೂತಿದ್ದ ಭಾಗವ್ವನ ಅವ್ವ ಸೆರಗನ್ನು ತಲೆ ಮೇಲೆ ಎಳೆದುಕೊಂಡು ನೆಲ ನೋಡುತ್ತಿದ್ದಳು.

ನಮ್ಮ ಸೀಮೆಯ ಜನ ಕುಸ್ತಿ ಅಂದರೆ ಪ್ರಾಣ ಬಿಡುವವರು. ಪೈಲ್ವಾನ ಬಜಾರಿನಲ್ಲಿ ಹೊರಟರೆ ಚಹಾದಂಗಡಿಯವರು ಎದ್ದು ನಿಲ್ಲುತ್ತಾರೆ. ಅವನ ತೊಡೆ ನೋಡಿ, ಎದೆ ನೋಡಿ "ಏನ್ ದೇಹ ಮಾಡ್ಯಾನಪಾ!" ಅಂತಾರೆ. ಅದೇ ತೊಡೆ, ಅದೇ ಎದೆ ಕುರಿ ಕಾಯುವವನ ಮಗಳಿಗಿದ್ದರೆ? ರೊಟ್ಟಿ ಎಣಿಸುತ್ತಾರೆ. ಗಂಡಸಿನ ಮೈಮೇಲಿದ್ದರೆ ತಾಕತ್ತು, ಹೆಂಗಸಿನ ಮೈಮೇಲಿದ್ದರೆ ಬೊಜ್ಜು. ಇದ್ಯಾವ ತಕ್ಕಡಿ ಸ್ವಾಮಿ?

ಕೊನೆಗೂ ಆಕೆಗೆ ಮೈಕ್ ಕೊಟ್ಟರು. "ಎರಡ ಮಿನಿಟ್ ಅಷ್ಟ" ಅಂತ ಹೇಳಿ ಕೊಟ್ಟರು. (ಮುಖ್ಯ ಅತಿಥಿಗಳು ಐವತ್ತು ನಿಮಿಷ ಮಾತಾಡಿದ್ದರು.) ಆಕೆ ಕೋಚ್ ಹೆಸರು ಹೇಳಿ ಕೈಮುಗಿದಳು. ಆಮೇಲೆ ಅಂದಳು, "ಜಪಾನಿನ್ಯಾಗ ಇದನ್ನ ಕಸುಬು ಮಾಡ್ಕೊಂಡ ದೊಡ್ಡ ದೊಡ್ಡ ಪೈಲ್ವಾನ್ರು ಅದಾರ್ರಿ. ಅವರ ಅಖಾಡದಾಗ ಹೆಂಗಸ್ರು ಇನ್ನೂ ಕಾಲಿಡೂ ಹಂಗಿಲ್ಲ. ನಾವು ಆಡೂದು ಹವ್ಯಾಸಿ ಸುಮೋ. ಇದರಾಗ ನಮಗೂ ಜಾಗ ಐತಿ. ನಮ್ಮೂರಾಗ ಐದು ಹುಡಿಗ್ಯಾರು ಕಲಿಯಾಕತ್ತಾರ. ಬಾಗೇವಾಡಿ ಮೈದಾನದಾಗ ಒಂದು ಮೂಲಿ ಕೊಟ್ರ ಸಾಕ್ರಿ."

ಮುಖ್ಯ ಅತಿಥಿಗಳು ಆಗ ಫೋನಿನಲ್ಲಿ ತಮ್ಮದೇ ಭಾಷಣದ ವಿಡಿಯೋ ನೋಡುತ್ತಿದ್ದರು. ವಂದನಾರ್ಪಣೆ ಆಯಿತು. ಮೂಲೆಯ ಸುದ್ದಿ ಯಾರೂ ಎತ್ತಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಈ ಅಂಕಣ ಬರೆಯುವುದು ಬಹಳ ಸುಲಭವಿತ್ತು. ಊರನ್ನು ಬೈದು, ನಾನು ಪಕ್ಕಕ್ಕೆ ಸರಿದು ನಿಲ್ಲಬಹುದಿತ್ತು.

ಊಟಕ್ಕೆ ಕೂತೆವು. ಭಾಗವ್ವ ನನ್ನೆದುರಿನ ಬೆಂಚಿಗೆ ಬಂದು ಕೂತಳು. ಎರಡೂವರೆ ತಾಸಿನ ನಂತರ ಮೊದಲ ಸಲ. ನನಗೋ ಔದಾರ್ಯ ಉಕ್ಕಿತು. "ನಿಮ್ಮ ಬಗ್ಗೆ ನನ್ನ ಅಂಕಣದಲ್ಲಿ ಬರೀತೀನಮ್ಮ" ಅಂದೆ.

"ಒಮ್ಮಿ ಬರದೀರಿ ಸರ" ಅಂದಳು.

ನಾನು ಅರ್ಥವಾಗದೆ ನಕ್ಕೆ. ಆಕೆ ನಗಲಿಲ್ಲ.

"ಎಂಟು ವರ್ಷ ಆತ್ರಿ. ಮುದ್ದೇಬಿಹಾಳ ಬಾಗೇವಾಡಿ ಬಸ್ಸಿನ್ಯಾಗ ನಿಮ್ಮ ಬಾಜೂಕ ಕುಂತಿದ್ದೆ. ಎರಡು ಸೀಟಿನ ಹುಡುಗಿ ಅಂತ ಬರದಿದ್ರಿ."

ನೆನಪಾಯಿತು. ಚೆನ್ನಾಗಿಯೇ ನೆನಪಾಯಿತು, ಯಾಕೆಂದರೆ ಬಹಳ ಜನ ಮೆಚ್ಚಿದ ಬರಹ ಅದು. ಹೂವಿನ ಹಿಪ್ಪರಗಿಯಲ್ಲಿ ಹತ್ತಿದ ದಪ್ಪ ಹುಡುಗಿ, ಆಕೆಗೆ ಎರಡು ಟಿಕೆಟ್ ಕೊಡಬೇಕೋ ಒಂದೋ ಅಂತ ಕಂಡಕ್ಟರನ ಪೇಚಾಟ, ಕಿಟಕಿಗೆ ಅಂಟಿಕೊಂಡ ನನ್ನ ಪಾಡು. ಕಂಡಕ್ಟರ್ ಪೇಚಾಡಿರಲೇ ಇಲ್ಲ, ಅದು ನನ್ನ ಸೇರ್ಪಡೆ. ಆಕೆಯ ತೊಡೆ ಮೇಲಿದ್ದ ಕೆಂಪು ಬ್ಯಾಗಿನಲ್ಲಿ ವಾರಕ್ಕಾಗುವಷ್ಟು ರೊಟ್ಟಿ ಇರಬೇಕು ಅಂತಲೂ ಬರೆದಿದ್ದೆ. ನಾಲತವಾಡದಿಂದ ಒಬ್ಬರು ಫೋನ್ ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಾನೂ ನಕ್ಕಿದ್ದೆ.

"ಬ್ಯಾಗಿನ್ಯಾಗ ರೊಟ್ಟಿ ಇರಲಿಲ್ರಿ ಸರ" ಅಂದಳು ಭಾಗವ್ವ. "ಕಬ್ಬಿಣದ ಗುಂಡು ಇತ್ತು. ಅವತ್ತ ನಂದು ಜಿಲ್ಲಾ ಮಟ್ಟದ ಸೆಲೆಕ್ಷನ್ ಇತ್ತು."

ಊರ ಹೆಸರು, ಕೆಂಪು ಬ್ಯಾಗು ಎರಡೂ ಬರೆದಿದ್ದೆನಲ್ಲ, ಆಕೆಯ ಕಾಲೇಜು ಹಾಸ್ಟೆಲಿನಲ್ಲಿ ಯಾರಿಗೂ ಗುರುತು ಹಿಡಿಯಲು ಕಷ್ಟವಾಗಲಿಲ್ಲವಂತೆ. ಯಾರೋ ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದರಂತೆ. ಎರಡು ತಿಂಗಳು ಆಕೆ ಮೈದಾನಕ್ಕೆ ಹೋಗಲಿಲ್ಲ. ಊರಿಗೆ ಬಸ್ಸಿನಲ್ಲಿ ಬರಲಿಲ್ಲ. ಗೂಡ್ಸ್ ಗಾಡಿ ಹಿಂದೆ ನಿಂತು ಬರುತ್ತಿದ್ದಳಂತೆ.

"ಅವ್ವ ಹಾಸ್ಟೆಲಿಗೆ ಬಂದಿದ್ಲ್ರಿ. ಆಕಿಗೆ ಓದಾಕ ಬರೂದಿಲ್ಲ. ಗೆಳತಿ ಕಡಿಂದ ಪೂರಾ ಓದಿಸಿದ್ಲು. ಆಮ್ಯಾಲೆ ಬೋರ್ಡಿನಿಂದ ಕಿತ್ತು, ಮಡಚಿ ಸೊಂಟಕ್ಕ ಸಿಗಿಸ್ಕೊಂಡು ಹೋದ್ಲು."

"ತಪ್ಪಾಯಿತು ತಾಯಿ" ಅಂದೆ. ಬೇರೆ ಏನು ಹೇಳಲಿ? ದಿನಕ್ಕೆ ಸಾವಿರ ಶಬ್ದ ಬರೆಯುವವನಿಗೆ ಎರಡೇ ಶಬ್ದ ಸಿಕ್ಕವು.

"ನನಗ ಯಾಕ ಹೇಳ್ತೀರಿ? ಅವ್ವಗ ಹೇಳ್ರಿ. ಆಕಿ ಉಣಲಾರದ ಊರಿಗೆ ಹೋದ್ಲು."

ಆಕೆ ಒಂದು ತುತ್ತು ಉಂಡಳು. ಮತ್ತೆ ಆಕೆಯೇ ಮಾತಾಡಿದಳು. "ಬರೀರಿ ಸರ. ಬ್ಯಾಡ ಅನ್ನೂದಿಲ್ಲ. ಆದ್ರ ಆಟದ್ದು ಬರೀರಿ. ಬಂದಾಗಿಂದ ಒಬ್ರೂ ಆಟ ಹೆಂಗಾತು ಅಂತ ಕೇಳಿಲ್ಲ."

ನಿಜ. ನಾನೂ ಕೇಳಿರಲಿಲ್ಲ. ಈಗ ಕೇಳಿದೆ.

ನೀರಲ್ಲಿ ಬೆರಳದ್ದಿ ಟೇಬಲ್ ಮೇಲೆ ಒಂದು ವೃತ್ತ ಬರೆದಳು. ಇಬ್ಬರೂ ಬಗ್ಗಿ, ನೆಲಕ್ಕೆ ಕೈ ಊರಿ, ಒಮ್ಮೆಲೇ ಎದ್ದರೆ ಆಟ ಶುರು. ಆಮೇಲೆ ಈ ವೃತ್ತದಿಂದ ಹೊರಗೆ ಕಾಲಿಟ್ಟರೆ ಸೋಲು. ಒಳಗೇ ಇದ್ದರೂ ಪಾದ ಬಿಟ್ಟು ಮೈಯ ಬೇರೆ ಯಾವ ಭಾಗ ನೆಲಕ್ಕೆ ತಾಗಿದರೂ ಸೋಲು. ಅಷ್ಟೇ ಆಟ. ಮೊದಲ ಕುಸ್ತಿಯ ಎದುರಾಳಿ ಭಾಗವ್ವನಿಗಿಂತ ಗೇಣು ಎತ್ತರ, ಅಷ್ಟೇ ಅಗಲ. ಬಂದವಳೇ ಎದೆಗೆ ಎರಡೂ ಕೈ ಕೊಟ್ಟು ನೂಕಿದಳು. ಭಾಗವ್ವ ಗೆರೆಯ ತನಕ ಹಿಂದೆ ಸರಿದಳು.

"ಹಿಮ್ಮಡಿಗೆ ಗೆರಿ ತಾಗೂದು ಗೊತ್ತಾತ್ರಿ. ಕುರಿ ಹಾಯಾಕ ಬಂದಾಗ ಅಪ್ಪ ಹೆಂಗ ಬಗ್ಗತಾನೋ ಹಂಗ ಬಗ್ಗಿದೆ. ಆಕಿ ಕೈ ಮ್ಯಾಲ ಹೋತು. ನಾ ಸೊಂಟದ ಪಟ್ಟಿ ಹಿಡದು ಬಾಜೂಕ ತಿರುಗಿದೆ. ಆಕಿ ಜೋರು ಆಕೀನ್ನ ಹೊರಗ ಒಯ್ತು."

ಹೇಳುವಾಗ ಭಾಗವ್ವನ ಭುಜಗಳೂ ತಿರುಗಿದವು. ಬೆಂಚು ಕಿರುಗುಟ್ಟಿತು. ಆ ದಿನದಲ್ಲಿ ಮೊದಲ ಬಾರಿಗೆ ಆಕೆ ನಕ್ಕಿದ್ದು ಆಗಲೇ.

ಎರಡನೆಯದು ಮೂರು ಸೆಕೆಂಡಿನಲ್ಲಿ ಮುಗಿಯಿತಂತೆ. "ಏಳೂದ್ರಾಗ ತಡಾ ಮಾಡಿದೆ. ತಪ್ಪು ನಂದಾ." ಸೋತವಳು ವೃತ್ತದಂಚಿನಲ್ಲಿ ನಿಂತು, ಗೆದ್ದವಳಿಗೆ ತಲೆಬಾಗಿ ಹೋಗಬೇಕು. ಗೆದ್ದವಳೂ ಬಾಗಬೇಕು. ಕುಣಿದಾಡುವ ಹಾಗಿಲ್ಲ. ಹದಿಮೂರು ಮಂದಿ ಗಣ್ಯರಿದ್ದ ನಮ್ಮ ವೇದಿಕೆಯಲ್ಲಿ ಇಷ್ಟು ಮರ್ಯಾದೆ ಯಾರಿಗೆ ಗೊತ್ತಿತ್ತು?

ಬುಧವಾರ ಬಸ್ ಹತ್ತಿ ಹೂವಿನ ಹಿಪ್ಪರಗಿಗೆ ಹೋದೆ. ಕಲ್ಲವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಹೆಸರು ಹೇಳಿ, ಬಸ್ಸಿನ ಬರಹ ನಂದೇ ಅಂದೆ. ತಪ್ಪಾಯಿತು ಅಂತ ಕೈಮುಗಿದೆ. ಆಕೆ ಮೊರ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

"ನೀವೇನ್ರಿ ಅವರು?" ಅಂದಳು. "ನಾ ಯಾರೋ ಬಾಳ ದೊಡ್ಡ ಮನಷ್ಯಾ ಇರಬೇಕು ಅನ್ಕೊಂಡಿದ್ದೆ."

ಅಷ್ಟೇ. ಕ್ಷಮಿಸಿದೆ ಅನ್ನಲಿಲ್ಲ, ಬೈಯಲೂ ಇಲ್ಲ. "ಚಾ ಕುಡದು ಹೋಗ್ರಿ" ಅಂದು ಒಳಗೆ ಹೋದಳು. ಮೂವತ್ತು ವರ್ಷದಲ್ಲಿ ನನ್ನ ಬರವಣಿಗೆಗೆ ಬಂದ ವಿಮರ್ಶೆಗಳಲ್ಲಿ ಇಷ್ಟು ಚಿಕ್ಕದು, ಇಷ್ಟು ಸರಿಯಾದ್ದು ಇನ್ನೊಂದಿಲ್ಲ.

ಕುರಿ ಹಟ್ಟಿಯ ಪಕ್ಕದಲ್ಲಿ ಹದ ಮಾಡಿದ ಮಣ್ಣು. ಅದರ ಮೇಲೆ ಸುಣ್ಣದಲ್ಲಿ ಬರೆದ ವೃತ್ತ. ಐವರು ಹುಡುಗಿಯರು, ಪ್ಯಾಂಟಿನ ಮೇಲೆ ಸೊಂಟಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದರು. ಭಾಗವ್ವನ ಅಪ್ಪನ ಹಳೇ ರುಮಾಲುಗಳವು. ತಲೆಗೆ ಸುತ್ತುವುದನ್ನು ಸೊಂಟಕ್ಕೆ ಕೊಟ್ಟು, ಆತ ಬರಿತಲೆಯಲ್ಲಿ ಬೇವಿನ ಕೆಳಗೆ ಕೂತು ನೋಡುತ್ತಿದ್ದ. ಹುಡುಗಿಯರಲ್ಲಿ ಇಬ್ಬರು ಕಡ್ಡಿಯಂತಿದ್ದರು. ಭಾಗವ್ವ ನಡುವೆ ನಿಂತು, "ಬಗ್ಗು, ಇನ್ನೂ ಬಗ್ಗು, ಕಾಲು ಎತ್ತಬ್ಯಾಡ ಜಾರಸು" ಅಂತ ಕೂಗುತ್ತಿದ್ದಳು. ಮೈದಾನದ ಮೂಲೆಗಾಗಿ ಆಕೆ ಕಾಯುತ್ತಾ ಕೂತಿರಲಿಲ್ಲ.

ನನ್ನನ್ನು ಕಂಡು ಕೈಬೀಸಿದಳು. "ಬರ್ರಿ ಸರ, ಒಳಗ ಬರ್ರಿ! ಒಂದು ಸಲ ನಿಂತು ನೋಡ್ರಿ, ಆಮ್ಯಾಲೆ ಬರೀರಿ. ಯಾರೂ ನೋವು ಮಾಡೂದಿಲ್ಲ."

ಕಡ್ಡಿಯಂಥ ಹುಡುಗಿಯೊಬ್ಬಳು ಆಗಲೇ ನನ್ನೆದುರು ಬಗ್ಗಿ ಕೈ ನೆಲಕ್ಕೆ ಊರಿದ್ದಳು.

ಮೊಣಕಾಲು ನೋವು ಅಂದೆ. ಬಸ್ಸಿಗೆ ಹೊತ್ತಾಯಿತು ಅಂದೆ. ನೋವೂ ಇರಲಿಲ್ಲ, ಬಸ್ಸಿಗೆ ಇನ್ನೂ ಒಂದು ತಾಸಿತ್ತು.

ಬರೆಯುವ ಕೈಗಿರುವ ಧೈರ್ಯದಲ್ಲಿ ಕಾಲುಭಾಗವಾದರೂ ಕಾಲಿಗೆ ಬೇಡವೇ?