ಕಾರಿಗೆ ಹೊದಿಸಿದ ಕಂಬಳಿ

ರೋಗಿಯನ್ನು ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿದೊಡನೆ ನಮ್ಮ ಹೊಣೆ ಮುಗಿಯಿತೆಂದು ನಿಮಗೆ ಹೇಳಿದವರು ಯಾರು? ನನಗೂ ಯಾರೂ ಹೇಳಿರಲಿಲ್ಲ. ಆದರೂ ಕಳೆದ ಚಳಿಗಾಲವಿಡೀ ನಾನು ಹಾಗೆಂದೇ ನಂಬಿ ನಡೆದುಕೊಂಡೆ.

ಕೊಂಡ್ಲಹಳ್ಳಿಯ ನಮ್ಮ ದೊಡ್ಡವ್ವನಿಗೆ ಕಿಡ್ನಿ ಕೆಟ್ಟು, ಪ್ರತಿ ವಾರ ಚಳ್ಳಕೆರೆಗೆ ಡಯಾಲಿಸಿಸ್‌ಗೆ ಹೋಗಬೇಕಾಗಿತ್ತು. ಅವಳದು ಬೆಳಗಿನ ಮೊದಲ ಸರದಿ. ತಡವಾದರೆ ಯಂತ್ರ ಇನ್ನೊಬ್ಬರ ಪಾಲು. ಆ ಹೊತ್ತಿಗೆ ಬಸ್ಸಿಲ್ಲ. ನಮ್ಮಲ್ಲಿದ್ದದ್ದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಇದ್ದ ಕಾಲದ ಹಳೆಯ ಕಾರು. ಚಳಿಗೆ ಪೆಟ್ರೋಲ್ ಸರಿಯಾಗಿ ಆವಿಯಾಗದೆ, ಶುರುವಾದ ಎಂಜಿನ್ ಊರು ದಾಟುವ ಮೊದಲೇ ಕೆಮ್ಮಿ ನಿಲ್ಲುತ್ತಿತ್ತು.

ಎಂಜಿನ್ನಿನೊಳಗೆ ಹೋಗುವ ಗಾಳಿ ಮತ್ತು ಪೆಟ್ರೋಲನ್ನು ಬೆಚ್ಚಗಾಗಿಸುವ ದಾರಿ ಹುಡುಕಲು ನಾನೂ ಚಳ್ಳಕೆರೆಯ ಮೆಕ್ಯಾನಿಕ್ ಗೆಳೆಯನೂ ಹೊರಟೆವು. ಮೊದಲು, ಅವು ಒಳಹೋಗುವ ಕೊಳವೆಯ ಮೇಲೆ ಬಿಸಿನೀರು ಸುರಿದೆವು. ಕಾರು ಕೆರೆ ಏರಿಯವರೆಗೆ ಓಡಿ ನಿಂತಿತು. ಬಿಸಿನೀರಲ್ಲಿ ಅದ್ದಿದ ಗೋಣಿಚೀಲ ಸುತ್ತಿದೆವು, ಬೇಗ ಆರಿಹೋಯಿತು. ಆಗ ದೊಡ್ಡವ್ವ ತಾನು ಹೊದ್ದಿದ್ದ ಕಂಬಳಿಯನ್ನೇ ತೆಗೆದುಕೊಟ್ಟಳು.

“ತಗಳಪ್ಪ, ನನಗಿಂತ ನಿನ್ನ ಕಾರಿಗೇ ಚಳಿ ಜಾಸ್ತಿ ಐತೆ.”

ಗೋಣಿಯ ಮೇಲೆ ಸುತ್ತಿದ ಕಂಬಳಿ ಬಿಸಿ ಹಿಡಿದಿಟ್ಟುಕೊಂಡಿತು, ಸರದಿಯೂ ತಪ್ಪಲಿಲ್ಲ. ಆದರೆ ಅವಳು ಸೆರಗು ಹೊದ್ದು ದಾರಿಯುದ್ದಕ್ಕೂ ನಡುಗಿದಳು. ಅದನ್ನು ಕೇಳಿದ ಗೆಳೆಯ, ಹೊಗೆ ಕೊಳವೆಗೆ ತಗಡು ಸುತ್ತಿ, ಅಲ್ಲಿ ಕಾದ ಗಾಳಿ ಕಾರ್ಬೊರೇಟರಿಗೆ ಹೋಗುವಂತೆ ಪೈಪು ಜೋಡಿಸಿದ. ಶುರುವಿಗೊಂದಿಷ್ಟು ಬಿಸಿನೀರು, ಮುಂದಕ್ಕೆ ಆ ತಗಡು: ಕಾರು ಮತ್ತೆ ನಿಲ್ಲಲಿಲ್ಲ. ವಾದ ಗೆದ್ದವನಂತೆ ನಾನು ಬೀಗಿದೆ.

ಶಿವರಾತ್ರಿ ಕಳೆದು ಬಿಸಿಲೇರಿತು. ಬೆಳಗಿನ ಥಂಡಿ ಇನ್ನೂ ಹೋಗಿರಲಿಲ್ಲವಾದ್ದರಿಂದ ತಗಡನ್ನು ಬಿಚ್ಚಲಿಲ್ಲ. ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿ ಮರಳುವಾಗ, ಮರವೊಂದೂ ಇಲ್ಲದ ಬಯಲಲ್ಲಿ ಕಾರು ನಿಂತಿತು. ಗೆಳೆಯನಿಗೆ ಫೋನು ಮಾಡಿದೆ.

“ಪೆಟ್ರೋಲ್ ದಾರಿಯಾಗೇ ಕುದ್ದು ಆವಿಯಾಗ್ತಾ ಐತೆ ಕಣಲೇ, ಎಂಜಿನ್ನಿಗೆ ಮುಟ್ತಿಲ್ಲ! ಆ ಪೈಪ್ ಕಿತ್ತಾಕು. ಎಂಜಿನ್ ಪಕ್ಕ ಪೆಟ್ರೋಲ್ ಎಳೆಯೋ ಪಂಪ್ ಐತಲ್ಲ, ಅದರ ಮೇಲೆ ಒದ್ದೆ ಬಟ್ಟೆ ಹಾಕು.”

ಕಂಬಳಿ ಇತ್ತು, ಅದನ್ನು ಒದ್ದೆ ಮಾಡಲು ನನ್ನಲ್ಲಿ ನೀರಿರಲಿಲ್ಲ. ಡಾಕ್ಟರು ಗುಟುಕು ಲೆಕ್ಕದಲ್ಲಿ ಕುಡಿಯಲು ಹೇಳಿದ್ದ ತನ್ನ ನೀರಿನ ಬಾಟಲಿಯನ್ನು ದೊಡ್ಡವ್ವ ಚಾಚಿದಳು.

“ಹುಯ್ಯಿ. ನಾನಂತೂ ಕುಡಿಯಂಗಿಲ್ಲ, ಅದಾದ್ರೂ ಕುಡೀಲಿ.”

ಒದ್ದೆ ಕಂಬಳಿಯಡಿ ಪಂಪು ತಣಿಯುವವರೆಗೆ, ಸೂಜಿ ಚುಚ್ಚಿದ ತೋಳನ್ನು ಎದೆಗವಚಿಕೊಂಡು ಅವಳು ಕಾದ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಳು. ಮನೆ ಮುಟ್ಟಿದಾಗ ಇಳಿಯುವ ತ್ರಾಣವಿರಲಿಲ್ಲ. ಎತ್ತಿಕೊಂಡೇ ಒಳಗೆ ಮಲಗಿಸಿದೆವು. ನಮ್ಮ ಪರೀಕ್ಷೆಗಳೆಲ್ಲ ಚಳಿಯಲ್ಲಿ, ಚಳ್ಳಕೆರೆಯ ಕಡೆ ಮುಖ ಮಾಡಿ ನಡೆದಿದ್ದವು. ಸೋತು ಮರಳುವವಳ ದಾರಿಯನ್ನು ನಾವು ಪರೀಕ್ಷಿಸಿರಲೇ ಇಲ್ಲ. ತಗಡು ಬಿಚ್ಚಿಯಾಗಿದೆ, ನನ್ನ ಕಳವಳ ಮಾತ್ರ ಹೋಗಿಲ್ಲ.

ನಿಮ್ಮ ಬೀದಿಯಲ್ಲಿ ಡಯಾಲಿಸಿಸ್‌ಗೆ ಹೋಗುವವರಿದ್ದರೆ, ಅವರು ಮನೆಗೆ ಹೇಗೆ ಮರಳುತ್ತಾರೆಂದು ಇಂದೇ ಕೇಳಿ. ನಿಮ್ಮಲ್ಲಿ ಒಳ್ಳೆಯ ವಾಹನವಿದ್ದರೆ, ದಯವಿಟ್ಟು ಹೋಗಿ ಕರೆತನ್ನಿ.